ಸೋರದ ಮೋಲ್ಡು

ತನು ಒಂದನೇ ಕ್ಲಾಸಿಗೆ ಕಾಲಿಡುವ ಹೊತ್ತಿಗೆ ಕೆಲಸ ಪರ್ಮನೆಂಟ್ ಆಗದೆ ಹೋದರೆ ಮತ್ತೆ ಚಾಕ್‌ಪೀಸ್ ಮುಟ್ಟುವುದಿಲ್ಲ, ನಿಮ್ಮಪ್ಪನ ಬೂಸದಂಗಡಿಯಲ್ಲಿ ಕೂರುತ್ತೇನೆ ಎಂದು ತಿಮ್ಮೇಶ ಹೆಂಡತಿಗೆ ಮಾತು ಕೊಟ್ಟದ್ದು ಆದಿಚುಂಚನಗಿರಿಯ ಆಸ್ಪತ್ರೆಯಲ್ಲಿ, ಮಗು ಹುಟ್ಟಿದ ಮರುದಿನ. ವೀಣ ಅದನ್ನು ಕೇಳಿರಲಿಲ್ಲ. ಅವಳು ಕೇಳಿದ್ದು ಫ್ಲಾಸ್ಕಿನಲ್ಲಿ ಬಿಸಿನೀರು ಉಳಿದಿದೆಯೇ ಎಂದು. ಅವನೇ, ಹಳೇ ಪಂಚೆಯಲ್ಲಿ ಸುತ್ತಿದ ಕೂಸನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳುವ ಮೇಷ್ಟರ ಚಟದಲ್ಲಿ ಹಾಗೆ ಹೇಳಿಬಿಟ್ಟಿದ್ದ. ಆಗ ಅದು ಮಾತಿನಂತಿರಲಿಲ್ಲ, ಜಂಬದಂತಿತ್ತು. ಕಣ್ಣು ಸಹ ಬಿಡದ ಈ ಕೂಸು ಸ್ಲೇಟು ಹಿಡಿಯುವುದೆಂದರೆ ಇನ್ನೊಂದು ಯುಗದ ಸಂಗತಿ. ಅಷ್ಟರಲ್ಲಿ ತಾನು ರೀಡರ್ ಆಗಿ, ಶಿಷ್ಯರಿಂದ ಬ್ಯಾಗು ಹೊರಿಸಿಕೊಂಡು, ಯಾವುದೋ ಸೆಮಿನಾರಿನಲ್ಲಿ ಇನ್ನೊಬ್ಬನ ಪ್ರಬಂಧ ಕೇಳುತ್ತ ತೂಕಡಿಸುತ್ತಿರುತ್ತೇನೆ ಎಂದು ಅವನು ನಂಬಿದ್ದ. ವೀಣ ಆಗ ಒಂದೇ ಮಾತು ಹೇಳಿದ್ದಳು: ‘ಮೊದ್ಲು ಮಗೀನ ತಲೆ ಸರಿಯಾಗ್ ಇಡ್ಕಳಿ.’

ತನು ಹೋದ ಸೋಮವಾರ ಒಂದನೇ ಕ್ಲಾಸಿಗೆ ಸೇರಿದಳು. ಸೇರಿಸಲು ತಿಮ್ಮೇಶನೇ ಹೋಗಿದ್ದ. ಹೆಡ್‌ಮಿಸ್ಸು ಪುಟ್ಟಗೌರಮ್ಮ ಕನ್ನಡಕದ ಮೇಲಿನಿಂದ ನೋಡುತ್ತ, ‘ಏನ್ ಪುಟ್ಟಿ, ನಿಮ್ಮಪ್ಪ ಏನ್ ಕೆಲ್ಸ ಮಾಡ್ತಾರೆ?’ ಎಂದು ಕೇಳಿದಾಗ ತನು ಬೆನ್ನು ನೆಟ್ಟಗೆ ಮಾಡಿ, ‘ನಮ್ಮಪ್ಪ ಪಾರ್ಟೈಮು ಮಿಸ್,’ ಎಂದಳು. ಡಾಕ್ಟರು, ಇಂಜಿನಿಯರು ಎನ್ನುವ ಹಾಗೆ. ಪುಟ್ಟಗೌರಮ್ಮ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ‘ಆಗ್ಲಿ ಬುಡವ್ವ, ಕೂತ್ಕೊ ಓಗು,’ ಎಂದು ಮಗುವಿನ ಕೆನ್ನೆ ಸವರಿದ ಆ ಹೆಂಗಸಿನ ಬೆರಳುಗಳಲ್ಲಿದ್ದ ಮರುಕ ಈಗಲೂ, ಪಾಂಡವಪುರದ ಬಸ್ಸಿನ ಕಿಟಕಿ ಪಕ್ಕ ಕೂತಿರುವಾಗಲೂ, ಅವನ ಕೆನ್ನೆಗೇ ಅಂಟಿಕೊಂಡಿದ್ದಂತಿತ್ತು. ಪರ್ಮನೆಂಟ್ ಹೆಂಗಸು. ಏಳನೇ ಕ್ಲಾಸಿನ ಗಣಿತ ಬಿಡಿಸಲು ಕೊಟ್ಟರೆ ಅರ್ಧ ಗಂಟೆ ಬೆವರುವಂಥವಳು. ಆದರೆ ಬೇಸಿಗೆ ರಜೆಯಲ್ಲೂ ಸಂಬಳ ಎಣಿಸಿ, ಹಪ್ಪಳ ಒಣಗಿಸಿಕೊಂಡು ಕೂರುವಂಥವಳು. ತಿಮ್ಮೇಶನಿಗಾದರೋ ಮಾರ್ಚಿನಲ್ಲಿ ಪಾಠ ಮುಗಿದರೆ ಕೆಲಸವೂ ಮುಗಿಯಿತು. ಜುಲೈನಲ್ಲಿ ಕೆ.ಆರ್. ಪೇಟೆಯ ಕಾಲೇಜಿನ ಪ್ರಿನ್ಸಿಪಾಲರು ಅವನನ್ನು ಪ್ರತಿ ವರ್ಷವೂ ಹೊಸದಾಗಿ ನೇಮಿಸಿ, ಕ್ಲಾಸಿಗೆ ಕರೆದುಕೊಂಡು ಹೋಗಿ, ‘ಇವ್ರು ತಿಮ್ಮೇಶ್ ಅಂತ, ಹೊಸದಾಗಿ ಬಂದಿದಾರೆ,’ ಎಂದು ಪರಿಚಯ ಮಾಡಿಸುತ್ತಿದ್ದರು. ಹಿಂದಿನ ವರ್ಷ ಫೇಲಾಗಿ ಕೊನೇ ಬೆಂಚಿನಲ್ಲಿ ಕೂತಿದ್ದ ಹುಡುಗರು ಕೇಕೆ ಹಾಕುತ್ತಿದ್ದರು.

ಬಸ್ಸು ಜಕ್ಕನಹಳ್ಳಿ ದಾಟಿತ್ತು. ಎದುರು ಸೀಟಿನಲ್ಲಿ ಒಬ್ಬ ಹಾಲಿನ ಡೇರಿಯ ಕಾರ್ಯದರ್ಶಿ, ಇನ್ನೊಬ್ಬನಿಗೆ ಹಸುವಿನ ಕೆಚ್ಚಲು ಬಾವಿನ ಬಗ್ಗೆ ಎಷ್ಟು ಗಂಭೀರವಾಗಿ ಹೇಳುತ್ತಿದ್ದನೆಂದರೆ ತಿಮ್ಮೇಶನಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು, ಕೂಡಲೇ ಆ ಹೊಟ್ಟೆಕಿಚ್ಚಿನ ಮೇಲೆ ಅಸಹ್ಯವಾಯಿತು. ಇನ್ನು ಮುಂದೆ ಇಂಥವರೇ ತನ್ನ ಗಿರಾಕಿಗಳು. ಮಾವ ಚಿಕ್ಕಸ್ವಾಮಿ ಆಗಲೇ ನಾಗಮಂಗಲದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಹೊಸ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ್ದ. ಕೆಂಪು ಕುರ್ಚಿ. ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಕಾಗದವನ್ನು ಇನ್ನೂ ಬಿಚ್ಚಿರಲಿಲ್ಲ. ಅಳಿಯಂದಿರು ಬಂದೇ ಬಿಚ್ಚಲಿ ಎಂದಂತೆ. ಬೂಸದ ಧೂಳು ಆ ಕಾಗದದ ಮೇಲೆ ತೆಳ್ಳಗೆ ಕೂತಿತ್ತು. ಚಿಕ್ಕಸ್ವಾಮಿ ಕೆಟ್ಟವನಲ್ಲ, ಅದೇ ಅವನಲ್ಲಿದ್ದ ಕೆಟ್ಟ ಗುಣ. ‘ನಮ್ ಅಳಿಯಂದ್ರು ಡಾಕ್ಟ್ರು ಕಣಪ್ಪ,’ ಎಂದು ಬಂದವರಿಗೆಲ್ಲ ಹೇಳಿ, ಅವರು ಕೈ ಮುಗಿಯುವಷ್ಟರಲ್ಲಿ, ‘ಆದ್ರೆ ಸೂಜಿ ಚುಚ್ಚಾಕಿಲ್ಲ. ಕಲ್ ಡಾಕ್ಟ್ರು!’ ಎಂದು ತೊಡೆ ತಟ್ಟಿಕೊಂಡು ನಗುತ್ತಿದ್ದ. ತಿಮ್ಮೇಶನೂ ನಗುತ್ತಿದ್ದ. ಅಲ್ಲಿ ನಗದೆ ಇರುವುದಕ್ಕೂ ಒಂದು ಪರ್ಮನೆಂಟ್ ಕೆಲಸ ಬೇಕು.

ಕಲ್ಲಿನ ಡಾಕ್ಟರು. ಸುಳ್ಳೇನಲ್ಲ. ನಾಗಮಂಗಲ ತಾಲ್ಲೂಕಿನ ವೀರಗಲ್ಲುಗಳ ಮೇಲೆ ಅವನ ಪಿಎಚ್.ಡಿ. ತುರುಗಳನ್ನು ಹೊಡೆದುಕೊಂಡು ಹೋದವರ ಹಿಂದೆ ಓಡಿ, ಬಿಡಿಸಿಕೊಂಡು ಬರಲು ಹೊಡೆದಾಡಿ ಸತ್ತ ಹಳ್ಳಿಯ ಗಂಡಸರ ಕಲ್ಲುಗಳು. ದೇವಲಾಪುರದ ಕಡೆ ಒಂದು ಊರಿನಲ್ಲಿ ಹೆಂಗಸರು ಅಂಥದೊಂದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ವೀರನ ಮೂಗು, ಕತ್ತಿ, ಅಪ್ಸರೆಯರ ಮೊಲೆ ಎಲ್ಲ ಸೋಪಿನ ನೊರೆಯಲ್ಲಿ ಸವೆದಿದ್ದವು. ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೊ ತೆಗೆಯಬೇಕು ಎಂದಾಗ ದೊಡ್ಡತಾಯಮ್ಮ ಎಂಬ ಮುದುಕಿ ಸೀರೆ ಹಿಂಡುತ್ತ, ‘ಸತ್ತೋರ ಕಲ್ಲು ಕಣಪ್ಪ ಅದು, ಅದ್ರಾಗೇನೈತೆ? ಬೇಕಿದ್ರೆ ಒತ್ಕಂಡೋಗು. ನಮ್ಗೆ ಇನ್ನೊಂದು ಕಲ್ಲು ಸಿಕ್ತದೆ,’ ಎಂದಿದ್ದಳು. ಆಗ ಅವನು ಅವಳ ಅಜ್ಞಾನಕ್ಕೆ ಮರುಗಿದ್ದ. ಅದನ್ನೇ ಪ್ರಬಂಧದ ಪೀಠಿಕೆಯಲ್ಲಿ ದೊಡ್ಡ ದೊಡ್ಡ ಮಾತುಗಳಲ್ಲಿ ಬರೆದಿದ್ದ. ಆ ಪೀಠಿಕೆಯನ್ನು ಇವತ್ತು ಓದಿದರೆ ವಾಂತಿಯಾಗುತ್ತದೆ.

ಪಾಂಡವಪುರದಲ್ಲಿ ಇಳಿದಾಗ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ ಗಾಳಿಯಲ್ಲಿ ಹುಳಿಹುಳಿಯಾಗಿತ್ತು. ವೀಣ ಇಸ್ತ್ರಿ ಮಾಡಿಸಿಟ್ಟಿದ್ದ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಬೆಳಿಗ್ಗೆ ಅದನ್ನು ಕೈಗೆ ಕೊಟ್ಟು, ತನುವಿನ ಜಡೆ ಹೆಣೆಯುತ್ತ, ಅವಳು ಅವನ ಕಡೆ ನೋಡದೆ, ‘ಇದೇ ಕೊನೇದಲ್ವ?’ ಎಂದಿದ್ದಳು. ‘ಕೊನೇದೇ.’ ‘ನಿಮ್ಮನ್ನ ಅಂಗ್ಡೀಲಿ ಕೂರುಸ್ಕಬೇಕು ಅಂತ ನಂಗೇನೂ ಆಸೆ ಇಲ್ಲ ಕಣ್ರೀ. ನಿಮ್ಗೆ ತಕ್ಕಡಿ ಇಡಿಯಕ್ಕೂ ಬರಾಕಿಲ್ಲ. ಆದ್ರೆ ಮಾರ್ಚಿಂದ ಜುಲೈಗಂಟ ನಿಮ್ ಮುಖ ನೋಡಕ್ಕಾಗಕಿಲ್ಲ ನನ್ ಕೈಲಿ. ಮಗೀನ್ ಮ್ಯಾಲೆ ಕಿರುಚ್ತೀರ, ಆಮೇಲೆ ಅದ್ರ ಮುಂದೇನೇ ಅಳ್ತೀರ.’ ತನು ತಲೆ ಅಲ್ಲಾಡಿಸದೆ, ‘ನಮ್ಮಪ್ಪ ಅಳಾಕಿಲ್ಲ, ಕಣ್ಣಿಗೆ ಧೂಳು ಬೀಳ್ತದೆ,’ ಎಂದಿತು. ಬಾಯಿಪಾಠ ಮಾಡಿಸಿದ್ದು ಅವನೇ.

ಕಾಲೇಜು ಊರಾಚೆ, ಕುಂತಿಬೆಟ್ಟ ಕಾಣುವ ಕಡೆಗಿತ್ತು. ಒಂದು ಟ್ರಸ್ಟಿನ ಕಾಲೇಜು. ಇತಿಹಾಸಕ್ಕೆ ಒಂದು ಪೋಸ್ಟು. ಪಡಸಾಲೆಯಲ್ಲಿ ಬೆಂಚು ಹಾಕಿ ಅಭ್ಯರ್ಥಿಗಳನ್ನು ಕೂರಿಸಿದ್ದರು. ಎಲ್ಲರದೂ ಅವನಂಥದೇ ಬಿಳಿ ಅಂಗಿ, ಅವನಂಥದೇ ರೆಕ್ಸಿನ್ ಬ್ಯಾಗು, ಅವನಂಥದೇ ಹಣೆ: ಕೂದಲು ಹಿಂದೆ ಸರಿದು, ಅಲ್ಲಿಗೆ ವಿದ್ವತ್ತು ಬಂದು ಕೂರುತ್ತದೆಂದು ಕಾದು, ಬರೀ ಬೆವರು ಬಂದು ಕೂತ ಹಣೆ. ಪ್ರತಿ ಇಂಟರ್‌ವ್ಯೂನಲ್ಲೂ ಇದೇ ಮುಖಗಳು. ಮದುವೆಮನೆಗಳಲ್ಲಿ ಊಟಕ್ಕೆ ಮಾತ್ರ ಬರುವ ದೂರದ ನೆಂಟರಂತೆ ಇವರು ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿಯುತ್ತಾರೆ, ‘ಎಕ್ಸ್‌ಪರ್ಟು ಯಾರಂತೆ?’ ಎಂದು ಕೇಳಿಕೊಳ್ಳುತ್ತಾರೆ, ಈ ಪೋಸ್ಟು ಆಗಲೇ ಯಾರಿಗೋ ಆಗಿಹೋಗಿದೆ ಎಂದು ಆಣೆಯಿಟ್ಟು ಹೇಳುತ್ತಾರೆ, ಹೇಳಿ ತಮ್ಮ ಬ್ಯಾಗು ತೆಗೆದು ಸರ್ಟಿಫಿಕೇಟುಗಳನ್ನು ಮತ್ತೊಮ್ಮೆ ಜೋಡಿಸುತ್ತಾರೆ. ತಿಮ್ಮೇಶ ಅವರನ್ನು ಕಂಡು ಹೇಸಿದ. ಹೇಸುತ್ತಲೇ ಬ್ಯಾಗು ತೆಗೆದು ಜೋಡಿಸತೊಡಗಿದ. ಅವರಿಗೆ ಗೊತ್ತಿಲ್ಲದ ಒಂದು ಅವನಿಗೆ ಗೊತ್ತಿತ್ತು: ಎಕ್ಸ್‌ಪರ್ಟು ಅವನ ಗೈಡು, ಪ್ರೊಫೆಸರ್ ಚಲುವರಾಜು.

‘ಸಾ! ನೀವೂ ಬಂದಿದ್ದೀರಾ ಸಾ?’

ಲೋಕೇಶ. ಕೆ.ಆರ್. ಪೇಟೆಯಲ್ಲಿ ಬಿ.ಎ. ಓದುವಾಗ ಅವನ ಶಿಷ್ಯ. ಬುದ್ಧಿಗೆ ಸಾಧಾರಣ, ನೆನಪಿಗೆ ಹಂಡೆ: ಸುರಿದಷ್ಟನ್ನೂ ಹಿಡಿದಿಟ್ಟುಕೊಂಡು, ಬಗ್ಗಿಸಿದರೆ ಅಷ್ಟನ್ನೇ ಚೆಲ್ಲುವಂಥದು. ಆ ಹಂಡೆ ಹೋದ ವರ್ಷ ನೆಟ್ ಪಾಸು ಮಾಡಿತ್ತು. ಲೆಕ್ಚರರ್ ಆಗುವವರಿಗೆಲ್ಲ ದಿಲ್ಲಿಯವರು ಇಟ್ಟ ಪರೀಕ್ಷೆ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ. ತಿಮ್ಮೇಶನೂ ಬರೆದಿದ್ದ. ನಾಲ್ಕು ಉತ್ತರಗಳೂ ಒಂದೊಂದು ರೀತಿಯಲ್ಲಿ ಸರಿ, ಒಂದೊಂದು ರೀತಿಯಲ್ಲಿ ತಪ್ಪು ಎಂದು ಯೋಚಿಸುತ್ತ ಕೂತು ಫೇಲಾಗಿದ್ದ. ಲೋಕೇಶ ಕಾಲು ಮುಟ್ಟಲು ಬಗ್ಗಿದ. ಎಲ್ಲರೂ ನೋಡುತ್ತಿದ್ದುದರಿಂದ ತಿಮ್ಮೇಶ ತಡವಾಗಿ ತಡೆದ.

‘ನಿಮ್ಗೇ ಸಿಕ್ಕುದ್ರೆ ನಂಗೂ ಕುಸಿನೇ ಸಾ,’ ಎಂದು ಲೋಕೇಶ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, ನಾಚಿಕೊಂಡ. ‘ಏನಿಲ್ಲ ಸಾ… ಸೆಕ್ರೆಟ್ರಿ ಕರಿಯಪ್ಪೋರ ತಂಗಿ ಮಗಳು ರಂಜಿತ ಅಂತ. ಮಾತುಕತೆ ಆಗೈತೆ. ಕೆಲ್ಸ ಆದ್ಮೇಲೆ ಲಗ್ನ ಅಂತವ್ರೆ.’

‘ಕೆಲ್ಸ ಆಗೈತೆ ಬುಡು ಹಂಗಾರೆ.’

‘ಅಯ್ಯೋ ಎಲ್ಲಿ ಸಾ, ಎಕ್ಸ್‌ಪರ್ಟು ಕೇಳೋದುಕ್ಕೆ ಏನಾರ ಹೇಳ್ಬೇಕಲ್ಲ. ಚಲುವರಾಜು ಸಾರು ವೀರಗಲ್ಲಲ್ಲೇ ಸುರು ಮಾಡ್ತಾರಂತೆ. ಅದ್ಯಾವ್ದೋ ಮೂರು ಪಟ್ಟಿಕೆ ಬತ್ತದಲ್ಲ ಸಾ, ನೀವು ಸೆಕೆಂಡ್ ಬಿ.ಎ.ಲಿ ಹೇಳಿದ್ರಿ. ಒಂದ್ಸಲ ಹೇಳ್ಬುಡಿ ಸಾ.’

ಕೆನ್ನೆಗೆ ಬಾರಿಸಬೇಕಾದ ಹುಡುಗ. ಎದ್ದು ಹೋಗಿ ಬೇರೆ ಬೆಂಚಿನಲ್ಲಿ ಕೂರಬೇಕಾದ ಹೊತ್ತು. ತಿಮ್ಮೇಶ ಹೇಳತೊಡಗಿದ. ‘ಕೆಳಗಿನ ಪಟ್ಟಿಕೆ ಭೂಮಿ ಕಣೊ. ಅಲ್ಲಿ ಜಗಳ, ಕತ್ತಿ, ದನ, ಧೂಳು. ಮೇಲಿನದು ಕೈಲಾಸ, ವೀರ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ಪರ್ಮನೆಂಟಾಗಿ. ಆದ್ರೆ ನೋಡಬೇಕಾದ್ದು ಮಧ್ಯದ್ದನ್ನ. ಅಪ್ಸರೆಯರು ಅವನ ತೋಳಿಗೆ ಕೈಕೊಟ್ಟು ಎತ್ಕೊಂಡು ಹೋಗ್ತಿದ್ದಾರೆ. ಅವನ ಕಾಲು ನೋಡು, ಯಾವುದರ ಮೇಲೂ ಊರಿಲ್ಲ. ಸತ್ತಾಗಿದೆ, ಸೇರಿಲ್ಲ. ಶಿಲ್ಪಿಗೆ ಕಷ್ಟ ಆಗಿರೋದು ಈ ಕಾಲು. ಕೆಳಗೆ ಮೇಲೆ ಎರಡೂ ಕಡೆ ಅವನಿಗೆ ಮಾದರಿ ಇದೆ. ಈ ಕಾಲಿಗೆ ಮಾದರಿ ಇಲ್ಲ.’ ಅವನ ದನಿ ತಾನಾಗಿಯೇ ಎದ್ದಿತ್ತು. ಕೈ ಗಾಳಿಯಲ್ಲಿ ಪಟ್ಟಿಕೆಗಳನ್ನು ಗೀಚುತ್ತಿತ್ತು. ಬೆಂಚಿನವರು ಒಬ್ಬೊಬ್ಬರೇ ಹತ್ತಿರ ಬಂದಿದ್ದರು. ನೀರು ಕೊಡಲು ಬಂದ ಅಟೆಂಡರ್ ಕುಳ್ಳಯ್ಯ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಒಂದು ಗಳಿಗೆ, ಒಂದೇ ಗಳಿಗೆ, ತಿಮ್ಮೇಶನಿಗೆ ಪೋಸ್ಟೂ ಇಲ್ಲ ಬೂಸವೂ ಇಲ್ಲ. ತಾನು ಹೇಳುತ್ತಿದ್ದದ್ದು ನಿಜ, ಅದನ್ನು ತಾನೇ ಕಂಡದ್ದು, ಇವರು ಕೇಳುತ್ತಿದ್ದಾರೆ. ಇದಕ್ಕಾಗಿಯೇ, ಈ ಹಾಳು ಗಳಿಗೆಗಾಗಿಯೇ, ಇಷ್ಟು ವರ್ಷ ನಾಯಿಯ ಹಾಗೆ ಬಸ್ಸಿನಿಂದ ಬಸ್ಸಿಗೆ ಓಡಿದ್ದು. ಲೋಕೇಶ ತುಟಿಯಲ್ಲೇ ಉರುಹೊಡೆಯುತ್ತಿದ್ದ: ‘ಕಾಲಿಗೆ ಮಾದರಿ ಇಲ್ಲ, ಕಾಲಿಗೆ ಮಾದರಿ ಇಲ್ಲ.’

ಮೊದಲು ಲೋಕೇಶನನ್ನೇ ಕರೆದರು. ಬಾಗಿಲು ಹಲಗೆಯದು, ಒಳಗಿನದೆಲ್ಲ ಕೇಳುತ್ತಿತ್ತು. ‘ಶಿಲ್ಪಿಗೆ ಕಷ್ಟ ಆಗಿರೋದು ಈ ಕಾಲು ಸಾ,’ ಎಂದು ಹಂಡೆ ಚೆಲ್ಲಿತು. ‘ಭೇಷ್,’ ಎಂದರು ಪ್ರೊಫೆಸರ್ ಚಲುವರಾಜು. ತಿಮ್ಮೇಶನ ಮುಖದ ಮೇಲೆ ನಗು ಬಂತು. ಅದು ಮೇಷ್ಟರ ಹೆಮ್ಮೆಯ ನಗು ಎಂದು ತಿಳಿದಾಗ ಅವನು ಅದನ್ನು ಅಂಗೈಯಿಂದ ಒರೆಸಿಕೊಂಡ.

ಪ್ರೊಫೆಸರರ ‘ಭೇಷ್’ ಅವನಿಗೆ ಸಿಕ್ಕಿದ್ದು ಒಂದೇ ಸಲ, ಶ್ರೀರಂಗಪಟ್ಟಣದಲ್ಲಿ, ಅವರ ಹೊಸ ಮನೆಯ ಮೋಲ್ಡಿನ ಮೇಲೆ. ಪ್ರಬಂಧ ಟೈಪಾಗಿ, ಬೈಂಡಾಗಿ, ಪ್ರೊಫೆಸರರ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಆ ಡಿಸೆಂಬರಿನ ಒಳಗೆ ಪ್ರಬಂಧ ಸಲ್ಲಿಸಿದವರಿಗೆ ನೆಟ್ ಬೇಡವಂತೆ, ಆಮೇಲಿನವರಿಗೆ ಬೇಕೇಬೇಕಂತೆ ಎಂಬ ಗುಸುಗುಸು ರಿಸರ್ಚ್ ಹುಡುಗರ ಹಾಸ್ಟೆಲಿನಲ್ಲಿ ಎದ್ದಿತ್ತು. ತಿಮ್ಮೇಶ ಅದನ್ನು ಹೇಳಿದಾಗ ಪ್ರೊಫೆಸರು ನಕ್ಕಿದ್ದರು. ‘ರೂಲ್ಸು ಮಾಡೋನೂ ನಮ್ಮಂಥೋನೇ ಕಣಯ್ಯ. ಮೊದ್ಲು ಈ ಮೋಲ್ಡಿನ ನೀರು ಮುಗೀಲಿ. ಥೀಸಿಸ್ಸು ಎಲ್ಲಿಗೆ ಓಡೋಗ್ತದೆ?’ ಗಾರೆಯವನು ಛಾವಣಿ ಹಾಕಿ, ತನ್ನೂರಲ್ಲಿ ಯಾರೋ ಸತ್ತರೆಂದು ಹೊರಟುಹೋಗಿದ್ದ. ಹಸಿ ಮೋಲ್ಡಿಗೆ ನೀರು ನಿಲ್ಲಿಸದಿದ್ದರೆ ಬಿರುಕು ಬಿಡುತ್ತದೆ. ಯಾರೂ ತಿಮ್ಮೇಶನಿಗೆ ಮಾಡು ಎನ್ನಲಿಲ್ಲ. ಅದೇ ಗೈಡುಗಳ ವಿದ್ಯೆ: ಅವರು ಹೇಳುವುದಿಲ್ಲ, ಕಿಟಕಿಯಿಂದ ಮೇಲೆ ನೋಡಿ ನಿಟ್ಟುಸಿರು ಬಿಡುತ್ತಾರೆ. ಒಬ್ಬ ಶಿಷ್ಯ ಹಾಲು ತರುತ್ತಾನೆ, ಇನ್ನೊಬ್ಬ ಗ್ಯಾಸ್ ಸಿಲಿಂಡರ್ ತರುತ್ತಾನೆ, ಮತ್ತೊಬ್ಬ ಮಗಳಿಗೆ ಸೈಕಲ್ ಕಲಿಸುತ್ತಾನೆ, ಮತ್ತೆ ಅವರವರೇ ಯಾರು ಎಷ್ಟು ಹತ್ತಿರ ಎಂದು ಲೆಕ್ಕ ಹಾಕಿಕೊಳ್ಳುತ್ತಾರೆ. ತಿಮ್ಮೇಶ ಪಂಚೆ ಎತ್ತಿ ಕಟ್ಟಿ ಮೇಲೆ ಹತ್ತಿದ. ಅಕ್ಕಿಹೆಬ್ಬಾಳಿನಲ್ಲಿ ಅಪ್ಪ ಮಂಚಯ್ಯ ಹೇಮಾವತಿ ನೀರಿಗೆ ಗದ್ದೆಯಲ್ಲಿ ಪಾತಿ ಕಟ್ಟುವುದನ್ನು ನೋಡಿ ಬೆಳೆದವನು. ಮಣ್ಣು ಕಲಸಿ, ಇಡೀ ಛಾವಣಿಯ ಮೇಲೆ ಬದು ಹಾಕಿ, ಚೌಕಚೌಕ ಪಾತಿ ಮಾಡಿ, ನದಿ ಕಡೆಯಿಂದ ಕೊಡ ಹೊತ್ತು ನೀರು ನಿಲ್ಲಿಸಿದ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಪ್ರೊಫೆಸರರ ಹೆಂಡತಿ ಜಯಲಕ್ಷ್ಮಮ್ಮ ಕೆಳಗಿನಿಂದ, ‘ನಾಟಿ ಹಾಕದೊಂದ್ ಬಾಕಿ ಕಣ್ ತಿಮ್ಮೇಸ, ಭತ್ತನೇ ಬೆಳೀಬೋದು,’ ಎಂದು ನಗುತ್ತ ಕಾಫಿ ಲೋಟವನ್ನು ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಿದ್ದರು. ನೀರಿನ ಚೌಕಗಳಲ್ಲಿ ಕೋಟೆಯ ಕಡೆಯ ಆಕಾಶ ಕಾಣುತ್ತಿತ್ತು. ಅವನು ಖುಷಿಯಾಗಿದ್ದ, ಅದನ್ನು ನೆನೆದರೇ ಈಗ ಮೈ ಉರಿಯುತ್ತದೆ. ಪ್ರೊಫೆಸರು ಮೇಲೆ ಬಂದು ನೋಡಿ ‘ಭೇಷ್’ ಎಂದರು. ಹೊಸ ವರ್ಷ ಹುಟ್ಟಿತು, ನೀರು ಇಂಗಿತು, ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮೇಲೆ ಸಹಿ ಬಿತ್ತು. ಆಮೇಲೆ ರೂಲು ಬಂದಾಗ ಗೆರೆ ಎಳೆದದ್ದು ಅದೇ ಡಿಸೆಂಬರಿನ ಕೊನೆಗೆ. ಗುಸುಗುಸು ನಿಜವಾಗಿತ್ತು. ಆದರೂ ತಿಮ್ಮೇಶ, ಎಂಥ ರೂಲು ಬಂದರೂ ಪ್ರೊಫೆಸರು ಇದ್ದಾರಲ್ಲ ಎಂದು ನಂಬಿ ಇಷ್ಟು ವರ್ಷ ಕಳೆದಿದ್ದ.

‘ತಿಮ್ಮೇಶ್ ಎಂ.’

ಒಳಗೆ ಮೂವರು. ಮಧ್ಯದಲ್ಲಿ ಸೆಕ್ರೆಟರಿ ಕರಿಯಪ್ಪ, ಬಿಳಿ ಬಟ್ಟೆ, ಎರಡು ಉಂಗುರ, ಮುಂದೆ ಅರ್ಧ ತಿಂದ ವಡೆ. ಎಡಕ್ಕೆ ಪ್ರಿನ್ಸಿಪಾಲರು, ಇದ್ದೂ ಇಲ್ಲದಂತೆ. ಬಲಕ್ಕೆ ಪ್ರೊಫೆಸರು. ರಿಟೈರಾದ ಮೇಲೆ ಕೂದಲಿಗೆ ಬಣ್ಣ ಹಚ್ಚುವುದನ್ನು ಜಾಸ್ತಿ ಮಾಡಿದ್ದರು.

‘ನಮಸ್ಕಾರ. ಕುಳಿತುಕೊಳ್ಳಿ. ನಿಮ್ಮ ಸಂಶೋಧನೆಯ ವಿಷಯವನ್ನು ಸಂಕ್ಷಿಪ್ತವಾಗಿ ತಿಳಿಸುತ್ತೀರಾ?’ ಎಂದರು ಪ್ರೊಫೆಸರು.

ನೀವು. ತಿಳಿಸುತ್ತೀರಾ. ಹತ್ತು ವರ್ಷ ‘ಕಣಯ್ಯ’ ಎಂದ ಬಾಯಿ. ಜಯಲಕ್ಷ್ಮಮ್ಮನ ಕಾಲು ಊದಿದಾಗ ಆಸ್ಪತ್ರೆಗೆ ಹೊತ್ತುಕೊಂಡು ಹೋದವನನ್ನು ಈ ಬಾಯಿ ಮೊದಲ ಸಲ ಕಂಡಂತೆ ಮಾತಾಡಿಸುತ್ತಿತ್ತು. ತಿಮ್ಮೇಶ ಸಂಕ್ಷಿಪ್ತವಾಗಿ ತಿಳಿಸಿದ. ಪಡಸಾಲೆಯಲ್ಲಿ ಹರಿದ ಮಾತು ಇಲ್ಲಿ ತುಂಡುತುಂಡಾಗಿ ಬಂತು. ಮಧ್ಯದ ಪಟ್ಟಿಕೆಯ ಕಾಲಿನ ವಿಷಯಕ್ಕೆ ಬಂದಾಗ ಕರಿಯಪ್ಪ, ‘ಅದ ಆ ಉಡುಗ ಏಳ್ಬುಟ್ನಲ್ರೀ ಆಗ್ಲೇ,’ ಎಂದ. ತಾನು ತನ್ನ ಶಿಷ್ಯನನ್ನು ಕಾಪಿ ಹೊಡೆದಂತಾಗಿತ್ತು.

‘ಇವರಿಗೆ ನೆಟ್ ಆಗಿಲ್ಲ,’ ಎಂದು ಪ್ರೊಫೆಸರು ಸೆಕ್ರೆಟರಿಯ ಕಡೆ ತಿರುಗಿ ಹೇಳಿದರು, ಹವಾಮಾನ ಹೇಳುವ ದನಿಯಲ್ಲಿ. ‘ವಿದ್ವತ್ತಿನ ಬಗ್ಗೆ ಎರಡು ಮಾತಿಲ್ಲ. ಆದರೆ ನಿಯಮ ನಿಯಮವೇ.’

ಕರಿಯಪ್ಪ ವಡೆಯ ಎಣ್ಣೆ ಒರೆಸಿಕೊಂಡು ಮುಂದೆ ಬಾಗಿದ. ಒರಟ, ಆದರೆ ದಡ್ಡನಲ್ಲ. ‘ಅದೇನೊ ಡಿಸೆಂಬರೊಳ್ಗೆ ಕೊಟ್ಟಿದ್ರೆ ನೆಟ್ಟು ಗಿಟ್ಟು ಬ್ಯಾಡ್ವಂತಲ್ಲ ಡಾಕ್ಟ್ರೇ? ಒಸಿ ದಿನ್‌ದಾಗೆ ತಪ್ಪೋಗದಲ್ರೀ. ಏನ್ ಗೇಯ್ತಾ ಇದ್ರಿ ಆಗ?’

ಪ್ರೊಫೆಸರು ಕನ್ನಡಕ ತೆಗೆದರು. ತೆಗೆದು, ಪಂಚೆಯ ಅಂಚಿನಿಂದ ಒರೆಸಲು ಸುರು ಮಾಡಿದರು. ಕನ್ನಡಕವಿಲ್ಲದ ಆ ಕಣ್ಣುಗಳನ್ನು ತಿಮ್ಮೇಶ ಎಂದೂ ನೋಡಿರಲಿಲ್ಲ: ಚಿಕ್ಕವು, ಒದ್ದೆ, ಬೋನಿಗೆ ಬಿದ್ದ ಇಲಿಯವು. ಅವು ಅವನನ್ನು ನೋಡಿದವು. ಹೆದರಿಕೆ. ಅಯ್ಯೋ, ಈ ಮುದುಕ ನನಗೆ ಹೆದರಿದ್ದಾನೆ! ಒಂದೇ ಮಾತು ಸಾಕಾಗಿತ್ತು. ಇವರ ಮನೆಯ ಮೋಲ್ಡಿಗೆ ನೀರು ಹೊರುತ್ತಿದ್ದೆ ಸಾರ್, ಇವರನ್ನೇ ಕೇಳಿ. ಕರಿಯಪ್ಪನಂಥವನು ತೊಡೆ ತಟ್ಟಿಕೊಂಡು ನಗುತ್ತಿದ್ದ, ಪಾಂಡವಪುರದಿಂದ ಶ್ರೀರಂಗಪಟ್ಟಣದ ತನಕ ಹೇಳಿಕೊಂಡು ತಿರುಗುತ್ತಿದ್ದ. ಪೋಸ್ಟು ಹೇಗೂ ಸಿಗುವುದಿಲ್ಲ, ನಾಳೆಯಿಂದ ಬೂಸದಂಗಡಿ. ಕಳೆದುಕೊಳ್ಳುವುದು ಏನೂ ಇಲ್ಲದವನ ಬಾಯಿಗೆ ಮಾತು ತುದಿಯ ತನಕ ಬಂದಿತ್ತು. ಎದೆಯಲ್ಲಿ ಪಾತಿಯ ನೀರು ಒಡೆದು ನುಗ್ಗಿದ ಹಾಗೆ.

‘ಟೈಫಾಯ್ಡ್ ಆಗಿತ್ತು ಸಾರ್,’ ಎಂದ ತಿಮ್ಮೇಶ.

ಪ್ರಿನ್ಸಿಪಾಲರು ಲೊಚಗುಟ್ಟಿದರು. ‘ಒಳ್ಳೆ ಟೇಮ್ ನೋಡ್ಕಂಡ್ ಬಂತು ಬುಡ್ರಿ ಜರ,’ ಎಂದ ಕರಿಯಪ್ಪ. ಪ್ರೊಫೆಸರು ಕನ್ನಡಕ ಹಾಕಿಕೊಂಡರು. ‘ಹೌದು, ಪಾಪ, ಬಹಳ ಇಳಿದುಹೋಗಿದ್ದರು,’ ಎಂದರು. ಆ ‘ಪಾಪ’ ಎಷ್ಟು ಸಲೀಸಾಗಿ ಬಂತೆಂದರೆ ಇಲ್ಲದ ಆ ಜ್ವರ ತನಗೆ ಬಂದೇ ಇತ್ತೇನೋ ಎಂದು ತಿಮ್ಮೇಶನಿಗೇ ಅನಿಸಿತು.

ಊಟವಾದ ಮೇಲೆ ಪ್ರೊಫೆಸರು ಕೈ ತೊಳೆಯಲು ಹಿಂದಿನ ನಲ್ಲಿಗೆ ಬಂದರು. ತಿಮ್ಮೇಶ ಅಲ್ಲೇ ಇದ್ದ. ಯಾಕಿದ್ದೆನೆಂದು ತನಗೇ ಹೇಳಿಕೊಳ್ಳಲಿಲ್ಲ. ನಲ್ಲಿಯ ಪಕ್ಕ ಎಂಜಲೆಲೆಗಳ ರಾಶಿ, ಅದರ ಮೇಲೆ ಎರಡು ಕಾಗೆ. ಪ್ರೊಫೆಸರು ಅರೆಬರೆ ತೊಳೆದ ಒದ್ದೆ ಕೈಯನ್ನೇ ಅವನ ಬಿಳಿ ಅಂಗಿಯ ಹೆಗಲ ಮೇಲೆ ಇಟ್ಟರು.

‘ಒಳ್ಳೇದ್ ಮಾಡ್ದೆ ಕಣಯ್ಯ. ಆ ಕರಿಯಪ್ಪ ಒರಟು ಮುಂಡೇದು. ಆ ಹುಡುಗನ್ನ ಮೊದ್ಲೇ ಇಟ್ಕೊಂಡವ್ನೆ, ನಾವ್ ಬರೀ ಗೊಂಬೆಗಳು.’ ಮತ್ತೆ ‘ಕಣಯ್ಯ’ ಬಂದಿತ್ತು. ತಿಮ್ಮೇಶ ಆ ಕೈಗೆ ಅನುವಾಗಲೆಂದು ಹೆಗಲು ತಗ್ಗಿಸಿದ, ಕೃತಜ್ಞತೆಯಿಂದ. ನಾಯಿ, ಎಂದುಕೊಂಡ ತನ್ನನ್ನು. ‘ಮುಂದಿನ ವರ್ಷ ನಾಗಮಂಗಲ ಕಡೇನೇ ಒಂದು ಪೋಸ್ಟು ಬೀಳ್ತದೆ. ನಾನಿದ್ದೀನಲ್ಲ. ನೆಟ್ಟು ಗಿಟ್ಟು ಎಲ್ಲ ಒಂದ್ ವ್ಯವಸ್ಥೆ ಮಾಡಣ.’ ಕರವಸ್ತ್ರದಿಂದ ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರ ಹೆದರಿಕೆಯೂ ಒರೆಸಿಹೋಗಿತ್ತು. ‘ಶ್ರೀರಂಗಪಟ್ಟಣದ್ದು ಒಂದ್ ಹನಿ ಸೋರಕಿಲ್ಲ ಕಣಯ್ಯ ಇವತ್ತಿಗೂ. ಮನೇಲಿ ನಿಮ್ಮ ಅಕ್ಕೋರು ಮಳೆ ಬಂದಾಗೆಲ್ಲ ನಿನ್ನ ನೆನುಸ್ಕೊತಾರೆ. ಅಂದಂಗೆ, ಮೈಸೂರಲ್ಲಿ ಮಗಳ ಮನೆ ಎದ್ದದೆ. ಬರೋ ಶನಿವಾರ ಮೋಲ್ಡು. ಈ ಕಾಲದ ಹುಡುಗ್ರಿಗೆ ಪಾತಿ ಕಟ್ಟೋದು ಅಂದ್ರೆ ಏನಂತ ಗೊತ್ತು?’ ಪ್ರೊಫೆಸರು ಅವನನ್ನು ನೋಡಲಿಲ್ಲ. ಕುಂತಿಬೆಟ್ಟದ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

ವಾಪಸ್ಸು ಬಸ್ಸಿನಲ್ಲಿ ಕಿಟಕಿ ಸೀಟು ಸಿಗಲಿಲ್ಲ. ನಿಂತುಕೊಂಡು, ಕಂಬಿ ಹಿಡಿದು, ಯಾರದೋ ಬುಟ್ಟಿಯ ಬದನೆಕಾಯಿ ಮೊಣಕಾಲಿಗೆ ಒತ್ತುತ್ತಿರುವಾಗ ತಿಮ್ಮೇಶ ಆ ಕಣ್ಣುಗಳನ್ನೇ ತಿರುಗಿ ತಿರುಗಿ ನೋಡುತ್ತಿದ್ದ. ಹೆದರಿದ್ದರು. ನಿಜವಾಗಿ ಹೆದರಿದ್ದರು. ಹೆದರಿದವನ ಜುಟ್ಟು ನಮ್ಮ ಕೈಯಲ್ಲಿರುತ್ತದೆ. ಇಷ್ಟು ವರ್ಷ ತನ್ನ ಕೈಯಲ್ಲಿ ಏನೂ ಇರಲಿಲ್ಲ, ಭಕ್ತಿ ಬಿಟ್ಟರೆ. ಇವತ್ತು ಒಂದು ಸಿಕ್ಕಿದೆ. ಬಾಯಿ ಬಿಟ್ಟಿದ್ದರೆ ಅದು ಅಲ್ಲೇ ಖರ್ಚಾಗುತ್ತಿತ್ತು, ಬಿಡಲಿಲ್ಲ, ಉಳಿದಿದೆ. ಮುಂದಿನ ವರ್ಷ ಅವರು ಮಾಡಿಯೇ ಮಾಡಬೇಕು. ಈ ಲೆಕ್ಕ ಎಷ್ಟು ಹೊಲಸು ಎಂದು ಅವನಿಗೆ ಗೊತ್ತಿತ್ತು, ಎಷ್ಟು ಸುಳ್ಳು ಎಂದೂ ಗೊತ್ತಿತ್ತು. ನಲ್ಲಿಯ ಹತ್ತಿರ ಆ ಮುಖದಲ್ಲಿ ಹೆದರಿಕೆಯ ಹೆಸರೂ ಇರಲಿಲ್ಲ. ಆದರೂ ಲೆಕ್ಕ ಹಾಕುವುದರಲ್ಲಿ ಒಂದು ಬೆಚ್ಚಗಿನ ಸುಖವಿತ್ತು. ‘ಮೇಷ್ಟ್ರೇ, ವಸಿ ಒಳಕ್ಕೆ ನಡೀರಿ, ಬಾಗ್ಲಲ್ಲೇ ಎಷ್ಟ್ ದಿನ ನಿಂತಿದ್ದೀರಿ?’ ಎಂದ ಕಂಡಕ್ಟರು. ಅವನು ಬೇರೇನೂ ಅರ್ಥವಿಟ್ಟು ಹೇಳಲಿಲ್ಲ. ತಿಮ್ಮೇಶ ಅವನನ್ನೂ ಮನಸ್ಸಿನಲ್ಲೇ ಬೈದ.

ನಾಗಮಂಗಲದಲ್ಲಿ ಇಳಿದಾಗ ಅಂಗಡಿಯಲ್ಲಿ ವೀಣ ಹಿಂಡಿ ತೂಗುತ್ತಿದ್ದಳು. ತನು ಬೂಸದ ಮೂಟೆಯ ಮೇಲೆ ಕೂತು ಸ್ಲೇಟಿನಲ್ಲಿ ‘ಅ’ ತಿದ್ದುತ್ತಿತ್ತು. ಚಿಕ್ಕಸ್ವಾಮಿ ಅಳಿಯನ ಮುಖ ಒಂದು ಸಲ ನೋಡಿದ. ಹೆಗಲ ಮೇಲಿನ ಟವೆಲಿನಿಂದ ಕೆಂಪು ಕುರ್ಚಿಯ ಧೂಳು ಹೊಡೆದ. ‘ಕುಂತ್ಕಳಿ ಅಳಿಯಂದ್ರೇ. ಸುಸ್ತಾಗಿದ್ದೀರಿ. ಆಗ್ದಿದ್ರೆ ಆಚ್ಗೆ ಹೋಗ್ಲಿ. ಇಲ್ಲಿ ಯಾರೂ ನಿಮ್ಗೆ ಕ್ವಚ್ಚನ್ ಕೇಳಾಕಿಲ್ಲ, ಅಸ ಎಷ್ಟ್ ಹಾಲ್ ಕೊಡ್ತದೆ ಅಂತ ನೀವೇ ಕೇಳ್ಬೋದು.’ ಈ ಸಲ ಮಾವ ನಗಲಿಲ್ಲ. ಪ್ಲಾಸ್ಟಿಕ್ ಕಾಗದವನ್ನು ತಾನೇ ಹರಿದು ತೆಗೆದ. ಮುದುಕನ ಒರಟು ಕೈ ಕುರ್ಚಿಯ ಬೆನ್ನನ್ನು ಹಿಡಿದು ಕಾಯುತ್ತಿತ್ತು. ಇಡೀ ದಿನದಲ್ಲಿ ತಿಮ್ಮೇಶನಿಗೆ ಕೂರಲು ಹೇಳಿದವರಲ್ಲಿ, ನಿಜಕ್ಕೂ ಕೂರಲಿ ಎಂದೇ ಹೇಳಿದವನು ಇವನೊಬ್ಬನೇ. ತಿಮ್ಮೇಶ ಕೂರಲಿಲ್ಲ. ಮೂಟೆಗೆ ಒರಗಿ ನಿಂತ.

ಗಿರಾಕಿ ಹೋದ ಮೇಲೆ ವೀಣ ಸೆರಗಿಗೆ ಕೈ ಒರೆಸುತ್ತ ಬಂದಳು.

‘ಆಗ್ಲಿಲ್ಲ,’ ಎಂದ ತಿಮ್ಮೇಶ. ‘ಸೆಕ್ರೆಟರಿ ಕಡೆಯವನಿಗೆ ಆಯ್ತು. ಆದ್ರೆ ಪ್ರೊಫೆಸರು ಖುದ್ದಾಗಿ ಹೇಳಿದಾರೆ. ಮುಂದಿನ ವರ್ಷ ಇಲ್ಲೇ, ನಾಗಮಂಗಲದ ಕಡೆ ಒಂದು… ಈ ಸಲ ಹಾಗಲ್ಲ ವೀಣ. ಈ ಸಲ ಅವರು ನನಗೆ…’

ವೀಣ ಅವನ ಅಂಗಿಯ ಹೆಗಲನ್ನು ನೋಡುತ್ತಿದ್ದಳು. ಅಲ್ಲಿ ಐದು ಬೆರಳಿನ ಸಾರಿನ ಕಲೆ ತಿಳಿಹಳದಿಯಾಗಿ ಒಣಗಿತ್ತು.

‘ಈ ಸಲ ಮೋಲ್ಡು ಯಾವೂರಲ್ಲಿ?’ ಎಂದಳು.

ಅವನು ಹೆಗಲಿನ ಕಲೆಯನ್ನು ಅಂಗೈಯಿಂದ ಉಜ್ಜಿಕೊಂಡ. ಅವಳು ಹೋಗಿ, ಖಾಲಿ ಕುರ್ಚಿಯನ್ನು ಎತ್ತಿ ಗೋಡೆಗೆ ಸರಿಸಿ, ಅದರ ಮೇಲೆ ತನುವನ್ನು ಕೂರಿಸಿದಳು. ‘ಬರಿ,’ ಎಂದಳು ಮಗಳಿಗೆ. ತನು ಹೊಸ ಕುರ್ಚಿಯಲ್ಲಿ ಕಾಲಾಡಿಸುತ್ತ, ನೆಲ ಎಟುಕದ ಕಾಲು, ‘ಅಪ್ಪ ಎಲ್ಲಿ ಕೂರ್ತದೆ?’ ಎಂದಿತು. ಚಿಕ್ಕಸ್ವಾಮಿ ಎದ್ದು ಒಳಗೆ ಹೋದ, ಮೂಟೆ ಎಣಿಸುವವನಂತೆ.

ಭಾನುವಾರ ತಿಮ್ಮೇಶ ಮೈಸೂರಿಗೆ ಹೋಗಿ ಬದು ಹಾಕಿ, ಪಾತಿ ಕಟ್ಟಿ, ನೀರು ನಿಲ್ಲಿಸಿ ಬಂದ. ಜುಲೈನಲ್ಲಿ ಕೆ.ಆರ್. ಪೇಟೆಯ ಪ್ರಿನ್ಸಿಪಾಲರು ಅವನನ್ನು ಹೊಸಬನೆಂದು ಪರಿಚಯ ಮಾಡಿಸಿದರು. ಕೊನೇ ಬೆಂಚು ಕೇಕೆ ಹಾಕಿತು. ಅವನು ಚಾಕ್‌ಪೀಸ್ ಎತ್ತಿಕೊಂಡು ಬೋರ್ಡಿನ ಮೇಲೆ ಮೂರು ಪಟ್ಟಿಕೆ ಎಳೆದ. ಆಸ್ಪತ್ರೆಯಲ್ಲಿ ವೀಣಳಿಗೆ ಕೊಟ್ಟ ಮಾತನ್ನು ಅವನು ಉಳಿಸಿಕೊಳ್ಳಲಿಲ್ಲ.